ಮೊದಲ ಸಲವೇ ಪಾಸಾದ ಗಾಡಿ

ವರ್ಕ್‌ಶಾಪಿನಿಂದ,
ಬುಧವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಇವಳೇ,

ಇಪ್ಪತ್ತೆಂಟು ವರ್ಷ ಹೀಗೇ ಕರೆದು ಅಭ್ಯಾಸ. ಕಾಗದದಲ್ಲಿ ನಿನ್ನ ಹೆಸರು ಬರೆಯಲು ಹೋದರೆ ಯಾರದೋ ಹೆಂಡತಿಗೆ ಬರೆದ ಹಾಗಾಗುತ್ತದೆ. ಅತ್ತೆಯವರ ಸೊಂಟ ಹೇಗಿದೆ? ವಾಕರ್ ಹಿಡಿದು ಬಚ್ಚಲಿನವರೆಗಾದರೂ ಹೋಗುತ್ತಾರೋ, ಇಲ್ಲ ಇನ್ನೂ ನಿನ್ನ ಹೆಗಲ ಮೇಲೇ ಸವಾರಿಯೋ? ಅವರಿಗೆ ತಿನ್ನಿಸಿ, ಪಾತ್ರೆಯಲ್ಲಿ ಉಳಿದದ್ದನ್ನು ನಿಂತುಕೊಂಡೇ ಬಾಯಿಗೆ ಹಾಕಿಕೊಳ್ಳುವ ನಿನ್ನ ಚಾಳಿ ನನಗೆ ಗೊತ್ತಿಲ್ಲವೇ. ಕೂತು ಊಟ ಮಾಡು. ನಾನು ಚೆನ್ನಾಗಿದ್ದೇನೆ ಎಂದು ಈಗ ಬರೆಯಬೇಕು, ಬರೆಯಲು ಆಗುತ್ತಿಲ್ಲ. ಫೋನನ್ನು ಮೇಜಿನ ಮೇಲೆ ಕಣ್ಣೆದುರಿಗೇ ಇಟ್ಟುಕೊಂಡಿದ್ದೇನೆ. ಒಂದು ಸಾಲು ಬರೆಯುವುದು, ಒಂದು ಸಲ ಅದನ್ನು ನೋಡುವುದು. ಅದು ಹೊಡೆದುಕೊಂಡರೆ ನನಗೆ ಕೇಳುವುದಿಲ್ಲ, ಬೆಳಕು ಬಂದರೆ ಮಾತ್ರ ಗೊತ್ತಾಗುತ್ತದೆ. ಹೌದು, ನೀನು ಸರಿಯಾಗಿಯೇ ಓದಿದೆ. ಹೋದ ವಾರ ನೀನು ಫೋನ್ ಮಾಡಿದಾಗ ಲೈನ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆನಲ್ಲ, ಲೈನ್ ಸರಿಯಾಗೇ ಇತ್ತು. ಅದಕ್ಕೇ ಈ ಕಾಗದ.

ನೀನು ಹೊರಟ ಮರುದಿನವೇ ಹಲ್ಲಿನ ಡಾಕ್ಟರು ತಮ್ಮ ಕೆಂಪು ಗಾಡಿ ತಂದರು. ನಿನ್ನ ದವಡೆ ಹಲ್ಲು ಕಿತ್ತವರೇ, ಕೀಳುವಾಗ ನಿನಗಿಂತ ಜಾಸ್ತಿ ಬೆವರಿದವರು. ಟರ್ಬೊ ಇರುವ ಸ್ಪೋರ್ಟ್ಸ್ ಕಾರು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಬಾನೆಟ್ ತೆರೆದು ತೋರಿಸಿದ ರೀತಿ ನೋಡಬೇಕಿತ್ತು, ಮಗಳ ಮಾರ್ಕ್ಸ್ ಕಾರ್ಡ್ ತೋರಿಸಿದ ಹಾಗೆ. ಆದರೆ ಅವರಿಗೊಂದೇ ಕೊರಗು. "ಇಂಥಾ ಗಾಡಿ ತಗೊಂಡು ಹೊಲಿಗೆ ಮಷಿನ್ ಸದ್ದು ಕೇಳ್ಬೇಕಲ್ಲ" ಅಂದರು. ಮಾತು ಸುಳ್ಳಲ್ಲ. ಇಂಜಿನ್ನಿನಿಂದ ಬರುವ ಹೊಗೆ ಟರ್ಬೊದ ಚಕ್ರ ತಿರುಗಿಸಿಯೇ ಮುಂದೆ ಹೋಗಬೇಕು, ಅರ್ಧ ಸದ್ದು ಅಲ್ಲೇ ಸಾಯುತ್ತದೆ. ಉಳಿದದ್ದನ್ನು ಕಂಪನಿಯವರ ಸೈಲೆನ್ಸರ್ ನುಂಗುತ್ತದೆ. ನಾನು ಒಂಬತ್ತು ದಿನ ಕೂತು, ಟರ್ಬೊದ ಬಾಯಿಂದ ಹಿಡಿದು ಬಾಲದವರೆಗೆ ಮೂರಿಂಚಿನ ಸ್ಟೀಲ್ ಪೈಪು ಬಗ್ಗಿಸಿ, ಬೆಸುಗೆ ಹಾಕಿ, ನಡುವಿನ ಡಬ್ಬ ಕಿತ್ತು, ಹಿಂದೆ ಬೇರೆ ಸೈಲೆನ್ಸರ್ ಕೂರಿಸಿದೆ. ಸ್ಟಾರ್ಟ್ ಮಾಡಿದಾಗ ಸದ್ದು ಕಿವಿಗಲ್ಲ, ನೇರ ಹೊಟ್ಟೆಗೆ ಬಂತು. ಡಾಕ್ಟರು ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟರು. "ಈಚೀಚೆಗೆ ನೀವು ಮಾಡೋ ಗಾಡಿಗಳಿಗೆಲ್ಲ ಗಂಟಲು ದಪ್ಪ ಆಗ್ತಿದೆ ಕಣ್ರೀ" ಎಂದು ನೀನು ಹೋದ ವರ್ಷ ರೇಗಿಸಿದ್ದೆ. ನಾನು ಅದನ್ನು ಹೊಗಳಿಕೆ ಅಂದುಕೊಂಡಿದ್ದೆ.

ಇನ್ನು ಪೈಪು ಸೋರುತ್ತದೆಯೇ ಎಂದು ನೋಡುವ ಒದ್ದೆ ಬಟ್ಟೆಯ ವಿಷಯ. ಪೈಪಿನ ಬಾಲಕ್ಕೆ ಒಬ್ಬರು ಒದ್ದೆ ಬಟ್ಟೆ ಒತ್ತಿ ಹಿಡಿಯಬೇಕು, ಹೊಗೆಗೆ ದಾರಿ ಕಟ್ಟಬೇಕು, ಇನ್ನೊಬ್ಬರು ಗಾಡಿಯ ಕೆಳಗೆ ಮಲಗಿ ಒಂದೊಂದೇ ಬೆಸುಗೆಗೆ ಕಿವಿ ಕೊಡಬೇಕು. ಸಣ್ಣ ಸಂದಿದ್ದರೂ ಅಲ್ಲಿ ಸುಯ್ ಎನ್ನುತ್ತದೆ. ಸೋಪಿನ ನೀರು ಹಾಕಿ ಗುಳ್ಳೆ ನೋಡುವವರನ್ನು ಕಂಡರೆ ನಾನು ನಗುತ್ತಿದ್ದೆ, ಕಿವಿ ಇಲ್ಲದವರ ಕೆಲಸ ಅನ್ನುತ್ತಿದ್ದೆ. ನಿನಗೆ ನೆನಪಿದೆಯಲ್ಲ, ಮೊದಲೆಲ್ಲ ಬಟ್ಟೆ ಹಿಡಿಯುತ್ತಿದ್ದವಳು ನೀನು, ಕೇಳುತ್ತಿದ್ದವನು ನಾನು. ಎರಡು ವರ್ಷದ ಹಿಂದೆ ಒಂದು ದಿನ ನೀನು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, "ಬಟ್ಟೆ ಬಿಸಿಯಾಗಿ ಕೈ ಸುಡುತ್ತೆ ನಂಗೆ, ನೀವೇ ಹಿಡ್ಕೊಳ್ಳಿ, ನಾನು ಕೇಳ್ತೀನಿ" ಅಂದೆ. ಇಪ್ಪತ್ತಾರು ವರ್ಷ ಸುಡದ ಕೈ ಈಗೇಕೆ ಸುಟ್ಟಿತು ಎಂದು ನಾನು ಯೋಚಿಸಲೇ ಇಲ್ಲ. ಅಂದಿನಿಂದ ನೀನೇ ಕೆಳಗೆ ನುಸುಳುವುದು, ನೀನೇ ಸೀಮೆಸುಣ್ಣದಲ್ಲಿ ಬೆಸುಗೆಯ ಮೇಲೆ ಸುತ್ತು ಹಾಕುವುದು, ನಾನು ಅಲ್ಲಿ ಮತ್ತೆ ಬೆಸುಗೆ ಹಾಕುವುದು. ಒಂದು ಗಾಡಿಗೆ ಎರಡು ಸುತ್ತು, ಇನ್ನೊಂದಕ್ಕೆ ಐದು. ನಿನಗೆ ವಿಪರೀತ ಅನುಮಾನ ಎಂದು ಗೊಣಗುತ್ತಿದ್ದೆ.

ಶನಿವಾರ ಪಕ್ಕದ ಟೈರ್ ಅಂಗಡಿಯ ನಮ್ಮ ಟೈರಣ್ಣನ ಕೈಗೆ ಬಟ್ಟೆ ಕೊಟ್ಟು ನಾನು ಕೆಳಗೆ ಮಲಗಿದೆ. ಒಂದು ಚೂರೂ ಸುಯ್ ಇಲ್ಲ. ಮೊದಲ ಸಲವೇ ಪಾಸು. ಎದ್ದು ಬಂದು ಮೀಸೆ ತಿರುವಿದೆ ಕಣೇ, ಇಲ್ಲದ ಮೀಸೆಯನ್ನು. ಇವಳಿಲ್ಲದಿದ್ದರೆ ನನ್ನ ಬೆಸುಗೆಗೆ ಸಂದೇ ಬೀಳುವುದಿಲ್ಲ ನೋಡು ಎಂದು ಟೈರಣ್ಣನ ಹತ್ತಿರ ಜಂಬ ಕೊಚ್ಚಿದೆ. ಹಿಂದಿನ ಸೀಟಿನ ಕೆಳಗೆ, ಗಾಡಿಯ ತಳದಿಂದ ಸೆನ್ಸರಿನ ವೈರು ಒಳಹೋಗುವ ಒಂದು ತೂತಿದೆ, ಅದರ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೊಸದು ತರಿಸಿ ಆಮೇಲೆ ಹಾಕಿದರಾಯಿತು ಎಂದು ಹಳೆಯದನ್ನೇ ಒತ್ತಿದೆ. ಪೈಪಿನಲ್ಲಿ ಸಂದೇ ಇಲ್ಲದ ಮೇಲೆ ರಬ್ಬರು ಹೇಗಿದ್ದರೇನು? ಸಂಜೆ ಡಾಕ್ಟರು ಹೆಂಡತಿಯನ್ನೂ ಐದು ವರ್ಷದ ಮಗಳನ್ನೂ ಕರೆದುಕೊಂಡು ಗಾಡಿ ಒಯ್ಯಲು ಬಂದರು. ಮಗು ಅಮ್ಮನ ತದ್ರೂಪು, ಮುಂದಿನ ಎರಡು ಹಲ್ಲು ಬಿದ್ದಿವೆ. ಹಲ್ಲಿನ ಡಾಕ್ಟರ ಮನೆಯಲ್ಲೇ ಹೀಗೆ ಎಂದು ನಾನು ನಗೆಯಾಡಿದೆ. ಗಾಡಿ ಸ್ಟಾರ್ಟ್ ಆದಾಗ ಮಗು ಮೊಣಕಾಲೂರಿ ಕೆಳಗೆ ಬಗ್ಗಿ ನೋಡಿತು, ಎದ್ದು ಬಂದು ನನ್ನ ಅಂಗಿ ಜಗ್ಗಿ ಏನೋ ಹೇಳಿತು. ನನಗೇನೂ ಕೇಳಲಿಲ್ಲ. ಗಾಡಿಯ ಸದ್ದಿಗೆ ಇರಬೇಕು ಎಂದುಕೊಂಡು, ಎಲ್ಲರಿಗೂ ಮಾಡುವ ಹಾಗೆ ನಕ್ಕು ಹೂಂ ಎಂದು ತಲೆಯಾಡಿಸಿದೆ.

ಇವತ್ತು ಬೆಳಿಗ್ಗೆ ಎಂಟಕ್ಕೆ ಅವರು ಬೆಟ್ಟದ ದಾರಿಯಲ್ಲಿ ದೂರದ ಪ್ರಯಾಣ ಹೊರಟರು. ಏಳು ಗಂಟೆಯ ಹಾದಿ. ಗಾಳಿ ತುಂಬಿಸಲು ಟೈರಣ್ಣನ ಅಂಗಡಿ ಮುಂದೆ ನಿಂತಿದ್ದರು, ನನ್ನ ಕಡೆ ಕೈ ಬೀಸಿದರು. ಚಳಿಗೆ ಕಿಟಕಿ ಪೂರ್ತಿ ಏರಿಸಿದ್ದರು. ಹನ್ನೊಂದು ಗಂಟೆಗೆ ಟೀ ಕುಡಿಯುವಾಗ ಟೈರಣ್ಣ ಹೇಳಿದ. ಅವನ ಗಂಟಲು ಲಾರಿಯ ಹಾರ್ನು, ಅದು ನನಗೆ ಸರಿಯಾಗಿ ಕೇಳುತ್ತದೆ. "ಪಾಪ, ಆ ಮಗು ಗಾಡಿ ಹತ್ತಿದ್ರೆ ತಲೆನೋವು ಅಂತ ಅಳುತ್ತಂತೆ, ಆಮೇಲೆ ಹಾಗೇ ನಿದ್ದೆ ಹೋಗುತ್ತಂತೆ. ಬೆಳಿಗ್ಗೆನೂ ಹಿಂದೆ ಮಲ್ಗೇ ಇತ್ತು. ನಿಮ್ಮ ಸದ್ದಿನ ಮಹಿಮೆ ಅಂತ ಡಾಕ್ಟ್ರು ನಗ್ತಿದ್ರು." ಟೀ ಲೋಟ ನನ್ನ ಕೈಯಲ್ಲೇ ನಿಂತಿತು. ತಲೆನೋವು, ನಿದ್ದೆ, ಹಿಂದಿನ ಸೀಟು. ಹೊಗೆಗಾದರೂ ವಾಸನೆ ಇರುತ್ತದೆ, ಅದರೊಳಗಿನ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಜೋಗುಳ ಹಾಡಿದ ಹಾಗೆ ಮಲಗಿಸಿಬಿಡುತ್ತದೆ. ಆಗ ಇನ್ನೊಂದು ಯೋಚನೆ ಬಂತು. ಈ ಇಪ್ಪತ್ತೆಂಟು ವರ್ಷದಲ್ಲಿ ನಮ್ಮ ವರ್ಕ್‌ಶಾಪಿನಲ್ಲಿ ಯಾವ ಗಾಡಿ ಮೊದಲ ಸಲವೇ ಪಾಸಾಗಿತ್ತು? ಒಂದಾದರೂ ನೆನಪಿದೆಯೇ ನಿನಗೆ? ಒಂದೂ ಇಲ್ಲ.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರಲ್ಲ, ಅವರ ಹೆಂಡತಿ. ದನಿ ಬರುತ್ತಿದೆ ಎಂದಷ್ಟೇ ಗೊತ್ತಾಯಿತು, ಮಾತು ಒಂದೂ ಹಿಡಿಯಲಿಲ್ಲ. ಆಕೆ ನಗುತ್ತಿದ್ದರೋ ಅಳುತ್ತಿದ್ದರೋ ಅದೂ ನನಗೆ ತಿಳಿಯಲಿಲ್ಲ. ಪಕ್ಕದಲ್ಲೇ ಟೈರಣ್ಣ ನಿಂತಿದ್ದ. ತಗೋ, ನೀನು ಮಾತಾಡು, ನನಗೆ ಕೇಳುತ್ತಿಲ್ಲ ಎಂದು ಫೋನ್ ಅವನ ಕೈಗೆ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನೇ ಕಿಟಕಿ ತೆಗೆಯಿರಿ ಎಂದು ಕೂಗಿದ್ದರೂ ಸಾಕಿತ್ತು. ಆದರೆ ಆಕೆ ಏನೋ ಕೇಳುತ್ತಿದ್ದರು, ಉತ್ತರ ಏನು ಹೇಳುವುದು ಎಂದು ನನಗೆ ಗಾಬರಿಯಾಯಿತು, ಟೈರಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ನಾನು "ಹೂಂ, ಹೂಂ, ಸರಿ" ಎಂದು ಇಟ್ಟುಬಿಟ್ಟೆ. ಮರ್ಯಾದೆ ಉಳಿಸಿಕೊಂಡೆ ಕಣೇ. ಯಾರದೋ ಮಗು ವಿಷ ಕುಡಿಯುತ್ತಿರುವಾಗ ನಾನು ನನ್ನ ಮರ್ಯಾದೆ ಉಳಿಸಿಕೊಂಡೆ.

ಕಿವಿಯದ್ದೇ ತಪ್ಪೋ ಎಂದು ಖಚಿತಪಡಿಸಿಕೊಳ್ಳಲು ಒಳಗೆ ಹೋಗಿ ಒಲೆಯ ಮೇಲೆ ಕುಕ್ಕರ್ ಇಟ್ಟೆ. ನೀನು ಹೋದ ಮೇಲೆ ನಾಲ್ಕು ಸಲ ತಳ ಹಿಡಿಸಿದ್ದೇನೆ, ಈ ಕುಕ್ಕರ್ ಸೀಟಿ ಹಾಕುವುದನ್ನೇ ಬಿಟ್ಟಿದೆ, ಇದನ್ನು ರಿಪೇರಿಗೆ ಕೊಡಬೇಕು ಎಂದುಕೊಂಡಿದ್ದೆ. ಇವತ್ತು ಅದರ ಮುಂದೆಯೇ ಮುಖ ಕೊಟ್ಟು ನಿಂತೆ. ಆವಿ ನುಗ್ಗಿತು, ವೆಯ್ಟ್ ಎದ್ದು ನಡುಗಿತು, ನನ್ನ ಕನ್ನಡಕ ಮಂಜಾಯಿತು. ಸದ್ದಿಲ್ಲ. ಕುಕ್ಕರ್ ಸರಿಯಾಗಿದೆ ಕಣೇ. ಓಡಿಬಂದು ಟೈರಣ್ಣನ ಕೈ ಹಿಡಿದುಕೊಂಡು ಎಲ್ಲ ಹೇಳಿದೆ, ನನ್ನ ಕಿವಿ ಹೋಗಿದೆ, ಆ ಗಾಡಿ ಸೋರುತ್ತಿದೆ, ಫೋನ್ ಮಾಡು ಎಂದೆ. ಅವನು ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು, ಅವರು ಬೆಟ್ಟ ಹತ್ತಿದ್ದರು, ಫೋನ್ ಸಿಗಲಿಲ್ಲ. ಕಿಟಕಿ ತೆಗೆಯಿರಿ, ಗಾಡಿ ನಿಲ್ಲಿಸಿ, ಮಗುವನ್ನು ಇಳಿಸಿ ಎಂದು ಮೂರು ಸಲ ಮೆಸೇಜ್ ಕಳಿಸಿದೆ. ಟೈರಣ್ಣ ಆ ದಾರಿಯ ಪೆಟ್ರೋಲ್ ಬಂಕಿಗೆ ಫೋನ್ ಮಾಡಿ, ಕೆಂಪು ಗಾಡಿ ಕಂಡರೆ ತಡೆಯಿರಿ ಎಂದು ಹೇಳಿ, ಅಂಗಡಿಯನ್ನು ಹಾಗೇ ಬಿಟ್ಟು ವ್ಯಾನ್ ಹತ್ತಿದ. ನನ್ನನ್ನು ಕರೆದೊಯ್ಯಲಿಲ್ಲ. "ಅವ್ರು ಇಲ್ಲಿಗೇ ವಾಪಸ್ ಮೆಸೇಜ್ ಮಾಡಬಹುದು, ಫೋನ್ ನೋಡ್ತಾ ಕೂತಿರಿ" ಅಂದ.

ಅದಕ್ಕೇ ನೋಡುತ್ತಾ ಕೂತಿದ್ದೇನೆ. ಈಗ ಮೂರೂ ಇಪ್ಪತ್ತು. ಪರದೆ ಕಪ್ಪಗೇ ಇದೆ. ಆ ಮಗುವಿನ ಹಲ್ಲಿಲ್ಲದ ಬಾಯಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ರಸ್ತೆಯಲ್ಲಿ ಯಾವುದೋ ಗಾಡಿ ನಿಂತ ಕಂಪನ ಪಾದಕ್ಕೆ ಬಂದರೆ ಪೊಲೀಸರು ಬಂದರು ಎಂದು ಎದ್ದು ಬಾಗಿಲಿಗೆ ಹೋಗಿ ನೋಡುತ್ತೇನೆ. ಪೊಲೀಸರು ಬಂದರೆ ಬರಲಿ, ಮಗು ಕಣ್ಣು ಬಿಟ್ಟರೆ ಸಾಕು. ಅದೇ ಸಮಯಕ್ಕೆ ನಿನ್ನದೂ ನೆನಪಾಗುತ್ತಿದೆ. ಗಿರಾಕಿ ಏನಾದರೂ ಹೇಳಿದರೆ ನೀನು ನನ್ನ ಕಡೆ ತಿರುಗಿ, "ಅವ್ರಿಗೆ ಶುಕ್ರವಾರ ಬೇಕಂತೆ ರೀ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ನನಗೇನು ಕೇಳುವುದಿಲ್ಲವೇ ಎಂದು ನಾನು ಸಿಡುಕುತ್ತಿದ್ದೆ. ನಿನಗೆ ಎರಡು ವರ್ಷದಿಂದ ಗೊತ್ತಿತ್ತು. ನನ್ನ ಮನಸ್ಸು ನೋಯಬಾರದೆಂದು ನೀನು ನನ್ನ ಕಿವಿಯಾಗಿ ಗಾಡಿಗಳ ಕೆಳಗೆ ಮಲಗಿದೆ. ನಿನ್ನ ಮೇಲೆ ಕೋಪ ಬರುತ್ತಿದೆ, ಕಾಲಿಗೆ ಬೀಳೋಣ ಎಂದೂ ಅನಿಸುತ್ತಿದೆ. ಹೇಳಿಬಿಟ್ಟಿದ್ದರೆ ನಾನು ಎರಡು ದಿನ ಊಟ ಬಿಡುತ್ತಿದ್ದೆ, ಅಷ್ಟೇ ತಾನೇ?

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು, ಇದನ್ನೆಲ್ಲ ಅವರಿಗೆ ಓದಿ ಹೇಳಬೇಡ, ಗಾಬರಿಯಾಗುತ್ತಾರೆ. ನಿನ್ನ ಆರೋಗ್ಯ ಜೋಪಾನ. ನನಗಾಗಿ ಅಲ್ಲ, ಆ ಮಗುವಿಗಾಗಿ ಒಮ್ಮೆ ಕೈ ಮುಗಿ.

ಎಂದೆಂದಿಗೂ ನಿನ್ನ,
ರೀ

ತಾ.ಕ.: ನಾಲ್ಕೂ ಹತ್ತು. ಫೋನಿನಲ್ಲಿ ಬೆಳಕು ಬಂತು. ಟೈರಣ್ಣನ ಮೆಸೇಜು. ಬಂಕಿನವರು ತಡೆದು ನಿಲ್ಲಿಸಿದ್ದರಂತೆ. ಮಗುವನ್ನು ಎತ್ತಿ ಇಳಿಸಬೇಕಾಯಿತಂತೆ, ತುಂಬಾ ಹೊತ್ತು ಏಳಲಿಲ್ಲವಂತೆ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಕಣ್ಣು ಬಿಟ್ಟು, ವಾಂತಿ ಮಾಡಿಕೊಂಡು, ಈಗ ಮಾತಾಡುತ್ತಿದೆ. ಬದುಕಿದೆ ಕಣೇ. ನಾನು ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟೆ. ನೀನು ಬಂದ ಮೇಲೆ ನನ್ನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಅಲ್ಲಿ ನನ್ನ ಪರವಾಗಿ ನೀನು ಉತ್ತರ ಹೇಳಬೇಡ. ಇನ್ನೊಂದು ಮಾತು. ಮಗು ಎಚ್ಚರವಾದ ಕೂಡಲೇ ಹಾವು ಹೋಯ್ತಾ ಎಂದು ಕೇಳಿತಂತೆ. ಯಾವ ಹಾವು ಎಂದರೆ, ಗಾಡಿ ಕೆಳಗೆ ಬುಸ್ ಅಂತಿರುತ್ತಲ್ಲ ಆ ಹಾವು, ಕನ್ನಡಕದ ತಾತಂಗೆ ಶನಿವಾರವೇ ಹೇಳಿದ್ದೆ ಅಂದಿತಂತೆ. ತಾತ ಏನಂದರು ಎಂದು ಕೇಳಿದ್ದಕ್ಕೆ, ತಾತ ನಕ್ಕು ಹೂಂ ಅಂದ್ರು ಅಂದಿತಂತೆ.