ಅತ್ತೆಯ ‘ತ್ಯುವ್ಯುಲ್’

ಟ್ರಾಕೈ, ಮಾರ್ಚ್ ೧೪

ಹಲೀನಾ ಅತ್ತೆ ಇವತ್ತು ನಾನು ಹೇಳಿದ್ದಕ್ಕೆಲ್ಲ ಹೂಂ ಅಂದರು. ಅದೇ ಕೊರೆಯುತ್ತಿದೆ.

ತುರ್ಕಿಯ ಬಳಗಕ್ಕೇ ಸೇರಿದ ನಮ್ಮ ಕರಾಯಿಮ್ ಭಾಷೆಯ ‘ತ್ಯುವ್ಯುಲ್’, ಅಂದರೆ ‘ಅಲ್ಲ’, ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು. ಸಾವಿರ ವರ್ಷದ ಹಿಂದೆ ಅದು ‘ದಾಗ್ ಓಲ್’ ಎಂಬ ಎರಡು ಪದವಾಗಿತ್ತಂತೆ. ಬಾಯಿಂದ ಬಾಯಿಗೆ ಸವೆದು ತುರ್ಕರಲ್ಲಿ ‘ದೆಯಿಲ್’ ಆಯಿತು, ನಮ್ಮಲ್ಲಿ ಹೀಗಾಯಿತು. ಅದನ್ನು ಹೇಳಿಸಲು ಭಾಷೆ ದಾಖಲಿಸುವ ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ: ಬೇಕೆಂದೇ ತಪ್ಪು ಹೇಳಿ ತಿದ್ದಿಸಿಕೊಳ್ಳುವುದು. ಹುಟ್ಟಿದಾಗಿನಿಂದ ನನ್ನನ್ನು ತಿದ್ದುತ್ತಲೇ ಬಂದ ಅತ್ತೆಯ ಮುಂದೆ ಅದೇನು ಕಷ್ಟ?

“ಅತ್ತೆ, ಕಿಬಿನ್ ಕಡುಬಿಗೆ ಮೀನು ತಾನೇ ತುಂಬೋದು?”

“ಹೂಂ ಕಣೇ, ಮೀನೇ ಇರ್ಬೋದು.”

ಕುರಿಮಾಂಸ ಬಿಟ್ಟು ಬೇರೇನು ತುಂಬಿದರೂ ತಟ್ಟೆ ತಳ್ಳುತ್ತಿದ್ದ ಹೆಂಗಸು!

“ನಮ್ಮ ಮನೆಗಳಿಗೆ ಬೀದಿ ಕಡೆ ಎರಡೇ ಕಿಟಕಿ, ಅಲ್ವಾ?”

“ಎರಡೇ ಇರ್ಲಿ ಬಿಡು. ನಿನ್ ಜೊತೆ ವಾದಕ್ಕೆ ಯಾರಿಗಿದೆ ತ್ರಾಣ?”

ಅವರು ಕೂತಿದ್ದದ್ದೇ ಬೀದಿ ಕಡೆಯ ಮೂರು ಕಿಟಕಿಗಳ ಎದುರು. ಎರಡು ಮಾತು ಬೈದಿದ್ದರೆ ಈಗ ನಿದ್ದೆ ಬರುತ್ತಿತ್ತು.

ರೆಕಾರ್ಡರ್ ಆರಿಸಿ ಚೀಲಕ್ಕೆ ಹಾಕಿದೆ. ಕೋಟು ತೊಡುತ್ತ ಬಾಯಿಮಾತಿಗೆ ಕೇಳಿದೆ: “ಆರಾಮಾಗಿದೀರಲ್ಲ ಅತ್ತೆ?”

“ತ್ಯುವ್ಯುಲ್.”

ಆ ಪದವನ್ನು ಅಷ್ಟು ಸ್ಪಷ್ಟವಾಗಿ ನಾನೆಲ್ಲೂ ಕೇಳಿಲ್ಲ. ಬೆಳಗಾಗುತ್ತಲೇ ಹೋಗಬೇಕು. ರೆಕಾರ್ಡರ್ ಇಲ್ಲೇ ಇರಲಿ, ಬರೀ ಅವರ ಪಕ್ಕ ಕೂತಿರುತ್ತೇನೆ.