ಕೀಲಿ ಯಾರ ಜೇಬಿನಲ್ಲಿ

ಮೂರನೇ ಮಹಡಿಯ ಮನೆ,
ಜೂನ್ ೧೪, ಭಾನುವಾರ

ಪ್ರೀತಿಯ ಅಮ್ಮಾ,

ನನಗೆ ಲಿಫ್ಟ್ ಎಂದರೆ ಇಷ್ಟ. ಅಪ್ಪ ಹೋದ ಮೇಲೆ ಈ ಮಾತನ್ನು ನಾಲಿಗೆಯ ತುದಿಗೂ ಬರಗೊಟ್ಟಿರಲಿಲ್ಲ. ಮೊದಲು ನಿನ್ನ ಕುಶಲ ಕೇಳಿದ್ದರೆ ಧೈರ್ಯವೆಲ್ಲ ಅಲ್ಲೇ ಸೋರಿಹೋಗುತ್ತಿತ್ತು, ಅದಕ್ಕೇ ಹೀಗೆ ಆರಂಭಿಸಿದೆ. ಈಗ ಹೇಳು, ಮಂಡಿನೋವು ಹೇಗಿದೆ? ಈ ಕಟ್ಟಡದ ಲಿಫ್ಟಿನ ಸದ್ದು ಕೇಳಲಾರದೆ ನೀನು ಚಿಕ್ಕಮ್ಮನ ಮನೆಗೆ ಹೋದೆ. ಅಲ್ಲಿ ಮೆಟ್ಟಿಲೂ ಇಲ್ಲವಲ್ಲ, ಅಷ್ಟಾದರೂ ನಿರಾಳ. ಅಜ್ಜಿ ಚೆನ್ನಾಗಿದ್ದಾಳೆ. ನನ್ನ ಅಡುಗೆಗೆ ಹೆಸರಿಡುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಾಳೆ.

ನಾನು ಕಾಲೇಜು ಬಿಟ್ಟದ್ದು ಸೋಮಾರಿತನದಿಂದ ಎಂದು ದೊಡ್ಡಪ್ಪ ನಿನಗೆ ಹೇಳಿದ್ದಾರೆ. ಅಲ್ಲ. “ನೆಲದ ಮೇಲೆ ಕೂತು ಮಾಡೋ ಕೆಲಸಕ್ಕೆ ಓದು ಮಗಳೇ” ಎಂದು ನೀನು ಅಂದದ್ದಕ್ಕೆ ಕಾಮರ್ಸ್ ತೆಗೆದುಕೊಂಡೆ. ನಿನಗೆ ಬೇಕಾಗಿದ್ದದ್ದು ಕಾಮರ್ಸ್ ಅಲ್ಲ, ನೆಲ. ಅದು ನನಗೆ ಆಗಲೇ ಗೊತ್ತಿತ್ತು. ಆದರೆ ತರಗತಿಯಲ್ಲಿ ಕೂತರೆ ಕಿವಿ ಮಾತ್ರ ಹೊರಗಿನ ಲಿಫ್ಟಿನ ಮೇಲೆ. ಎರಡನೇ ಮಹಡಿ ದಾಟುವಾಗ ಅದು ಕಿರುಗುಡುತ್ತಿತ್ತು. ಹಳಿಗೆ ಎಣ್ಣೆ ಸಾಲದು ಎಂದು ಪಕ್ಕದವಳಿಗೆ ಹೇಳಿದರೆ, “ಪರೀಕ್ಷೆಗೆ ಅದು ಬರಲ್ಲ ಕಣೇ ಹುಚ್ಚಿ” ಎಂದಳು. ಒಂದು ದಿನ ಎದ್ದು ಬಂದವಳು ಮತ್ತೆ ಹೋಗಲಿಲ್ಲ.

ದೊಡ್ಡಪ್ಪ ಬಿಡುತ್ತಾರೆಯೇ? “ಏನಾದ್ರೂ ಒಂದು ಡಿಗ್ರಿ ಇರ್ಲಿ, ಹೆಸರಿನ ಹಿಂದೆ ಖಾಲಿ ಕಾಣ್ಬಾರ್ದು” ಎಂದು ಹೊಸ ಕಾಲೇಜು ತೋರಿಸಲು ಕರೆದೊಯ್ದರು. ಬಾಗಿಲಲ್ಲೇ ಕಾರಂಜಿ, ಒಳಗೆ ಯಂತ್ರಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ. ಮುಟ್ಟಲು ಹೋದರೆ, ಮೊದಲ ವರ್ಷ ನೋಡುವುದಷ್ಟೇ ಎಂದರು. ದೊಡ್ಡಪ್ಪನಿಗೆ ಕಾರಂಜಿ ಬಹಳ ಹಿಡಿಸಿತು.

ಇನ್ನೊಂದು ಕಾಲೇಜಿಗೆ ನಾನೊಬ್ಬಳೇ ಹೋದೆ, ಒಂದಿಡೀ ಹಗಲಿನ ರೈಲು ಪ್ರಯಾಣ. ದೊಡ್ಡ ಶೆಡ್ಡು, ನಡುವೆ ಗೋಡೆಯೇ ಇಲ್ಲದ ಲಿಫ್ಟು. ಅದರ ಹಗ್ಗ, ಹಳಿ, ಸಮತೂಕದ ಭಾರ ಎಲ್ಲ ಹೊರಗೇ ಕಾಣುತ್ತವೆ. ಲಿಫ್ಟಿನ ಕೆಲಸವನ್ನೇ ಕಲಿಸುತ್ತಾರೆ, ಓದು ಬಿಟ್ಟವರನ್ನೂ ಸೇರಿಸಿಕೊಳ್ಳುತ್ತಾರೆ. ಅಲ್ಲಿನ ಮೇಡಂ ಅಂಕ ಕೇಳಲಿಲ್ಲ. “ಇದೇ ಯಾಕಮ್ಮ?” ಎಂದರು. “ನಮ್ಮಪ್ಪ ಇದೇ ಕೆಲ್ಸದಲ್ಲಿ ಹೋಗ್ಬಿಟ್ರು” ಎಂದೆ. ಅವರು ಒಂದು ಬೀಗ ತಂದು ನನ್ನ ಕೈಗಿಟ್ಟರು.

ಅಲ್ಲಿ ಮೊದಲ ಪಾಠವೇ ಬೀಗ, ಅಮ್ಮಾ. ಲಿಫ್ಟಿನ ತಳದ ಗುಂಡಿಗೆ ಇಳಿಯುವ ಮುಂಚೆ ಮೇನ್ ಸ್ವಿಚ್ ಆರಿಸಿ ಬೀಗ ಹಾಕಬೇಕು, ಕೀಲಿ ಇಳಿದವರ ಜೇಬಿನಲ್ಲೇ ಇರಬೇಕು. ಪ್ರಿನ್ಸಿಪಾಲರು ಕೇಳಿದರೂ ಕೊಡುವಂತಿಲ್ಲ. ಅಪ್ಪನಿಗೂ ಇದು ಗೊತ್ತಿತ್ತು. ಆದರೆ ಅವನು ಕೊನೆಯ ಸಲ ಕೆಲಸಕ್ಕೆ ಹೋದ ಕಟ್ಟಡದ ಐದನೇ ಮಹಡಿಯ ಮುದುಕಿಗೆ ಅವತ್ತು ಆಸ್ಪತ್ರೆಗೆ ಹೋಗುವುದಿತ್ತು. “ಪಾಪ, ಅವ್ರು ಬಂದ್ರೆ ನನ್ನ ಕೂಗು, ನಾನು ಮೇಲೆ ಬಂದ್ಮೇಲೆ ಸ್ವಿಚ್ ಹಾಕು” ಎಂದು ವಾಚ್‌ಮನ್ ಕೈಗೆ ಕೀಲಿ ಕೊಟ್ಟು ಇಳಿದ. ಪಾಳಿ ಬದಲಾಯಿತು. ಹೊಸ ವಾಚ್‌ಮನ್‌ಗೆ ಕೀಲಿ ದಾಟಿತು, ಮಾತು ದಾಟಲಿಲ್ಲ. ಮುದುಕಿ ಬಂದದ್ದೇ ಅವನು ಸ್ವಿಚ್ ಹಾಕಿದ, ಅಪ್ಪ ಇನ್ನೂ ಗುಂಡಿಯಲ್ಲೇ ಇದ್ದ. ನೀನು ಇಷ್ಟು ವರ್ಷ ಲಿಫ್ಟನ್ನು ಶಪಿಸಿದೆ. ನನಗೆ ಶಪಿಸಲು ಯಾರೂ ಸಿಗಲಿಲ್ಲ. ಅಪ್ಪನ ಒಳ್ಳೆಯತನವನ್ನು ಹೇಗೆ ಶಪಿಸಲಿ?

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ.

ಇಂತಿ,
ನಿಂತಲ್ಲಿ ನಿಲ್ಲದ ನಿನ್ನ ಮಗಳು

ಮತ್ತೆ: ನಿನ್ನ ಬಟ್ಟೆಪೆಟ್ಟಿಗೆಯ ತಳದಲ್ಲಿದ್ದ ಅಪ್ಪನ ಬೀಗವನ್ನು ಕೀಲಿಯ ಸಮೇತ ತೆಗೆದುಕೊಂಡಿದ್ದೇನೆ. ಎಣ್ಣೆ ಬಿಟ್ಟ ಮೇಲೆ ತೆರೆಯಿತು. ಒಪ್ಪಿಗೆ ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಆಗ ಸುಳ್ಳು ಹೇಳಿ ಹೋಗಬೇಕಾಗುತ್ತಿತ್ತು. ಅದು ನನ್ನಿಂದಾಗದು. ಅಜ್ಜಿಯನ್ನು ಈ ವಾರ ದೊಡ್ಡಪ್ಪ ನೋಡಿಕೊಳ್ಳುತ್ತಾರೆ. ಆಮೇಲೆ ನೀನೇ ಬರಬೇಕು. ಮೆಟ್ಟಿಲು ಹತ್ತಿಯೇ ಬಾ, ಅಲ್ಲಲ್ಲಿ ಕೂತು ನಿಧಾನವಾಗಿ. ನಾನು ನಾಳೆ ಬೆಳಿಗ್ಗೆ ಆ ಶೆಡ್ಡಿನ ಕಾಲೇಜಿಗೆ ಹೊರಡುತ್ತೇನೆ.