ಎಡಗಾಲು ಮುಂದೆ

ಗಂಗಾಂಬಿಕಾ,

ಸತ್ತು ಎರಡು ವರ್ಷವಾದರೂ ನಿನ್ನ ಕಾಟ ತಪ್ಪಿಲ್ಲ. ಮಿಲಿಟರಿ ಬ್ಯಾಂಡಿಗೆ ಹೊಸದಾಗಿ ಸೇರಿರುವ ನಿನ್ನ ಮಗಳು ಇವತ್ತು ವಿಡಿಯೋ ಕಾಲ್ ಮಾಡಿ ಅತ್ತಳು. ಕ್ಲಾರಿನೆಟ್ ಚೆನ್ನಾಗಿಯೇ ನುಡಿಸುತ್ತಾಳೆ. ಆದರೆ ‘ಕ್ವಿಕ್ ಮಾರ್ಚ್’ ಎಂದಾಗ ಎಲ್ಲರೂ ಎಡಗಾಲು ಮುಂದಿಟ್ಟರೆ ಇವಳು ಬಲಗಾಲು ಇಡುತ್ತಾಳಂತೆ. ಹೊಸಿಲು ಕಂಡಲ್ಲೆಲ್ಲ “ಬಲಗಾಲಿಡೇ ದೀಪಿಕಾ” ಎಂದು ಚಿವುಟಿ ಕಲಿಸಿದವಳು ನೀನೇ ತಾನೆ? ಬಳ್ಳಾರಿ ಕಡೆಯ ಹವಾಲ್ದಾರ “ಏನಮ್ಮಾ, ಗೃಹಪ್ರವೇಶಕ್ಕೆ ಬಂದಿದೀಯಾ?” ಎಂದನಂತೆ. ನಾಳೆಯೂ ತಪ್ಪಿದರೆ ಬ್ಯಾಂಡಿನಿಂದಲೇ ತೆಗೆಯುತ್ತಾರಂತೆ.

ಸಮಾಧಾನಕ್ಕೆ ಬಿ.ಎ.ಯಲ್ಲಿ ಬಾಯಿಪಾಠ ಮಾಡಿದ್ದ ಎಸ್ಸೇ ಹೇಳಹೋದೆ. ‘ಡಿಸಿಪ್ಲಿನ್ ಈಸ್ ದಿ ಬ್ಯಾಕ್‌ಬೋನ್ ಆಫ್’ವರೆಗೆ ಬಂತು, ಮುಂದಿನದು ಮರೆತಿತ್ತು. ಕೊನೆಗೆ ಫೋನನ್ನು ಜಗಲಿಗೆ ಒರಗಿಸಿ, ಬೀದಿಯಲ್ಲೇ ಅವಳ ಜೊತೆ ಎಡಗಾಲಿಟ್ಟು ನಡೆದೆ.

ಎದುರುಮನೆಯ ಬೋರಕ್ಕ ನಕ್ಕಳು: “ಏನ್ ಸಾಮಿ, ಮಿಲ್ಟ್ರಿಗೆ ಮುದುಕ್ರನ್ನೂ ತಗಂತಾರಾ?”

“ಇನ್ನೊಂದ್ಸಲ ಅಪ್ಪಾ,” ಎಂದಳು ದೀಪಿಕಾ. ಇನ್ನೊಂದು ಸಲ, ಮತ್ತೊಂದು ಸಲ. ಬಿಸಿಲೇರುವಷ್ಟರಲ್ಲಿ ಅವಳ ಎಡಗಾಲು ತಾನಾಗಿಯೇ ಮುಂದೆ ಬಂತು.

ಅವಳು ನಗುತ್ತಾ ಫೋನಿಟ್ಟ ಮೇಲೆ ನಾನು ಮನೆಯೊಳಕ್ಕೂ ಎಡಗಾಲಿಟ್ಟೇ ಬಂದೆ. ಬೇಕೆಂದೇ ಬಂದೆ. ಬಂದು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅಡುಗೆಮನೆಯಿಂದ ಯಾರೂ ಬೈಯಲಿಲ್ಲ.